ಸಾಲ್ಮನ್ ಹಿಡಿಯುವ ಕಂದು ಕರಡಿಗಳನ್ನು ನೋಡಲು ಯಾವಾಗ, ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಜಲಪಾತದ ಅಂಚಿನಲ್ಲಿ ನಿಂತ ಕಂದು ಕರಡಿಯ ಬಾಯಿಗೆ ಸಾಲ್ಮನ್ ಮೀನು ತಾನಾಗಿಯೇ ಹಾರಿ ಬೀಳುವ ಚಿತ್ರವನ್ನು ಎಷ್ಟೋ ಸಲ ನೋಡಿದ್ದೇನೆ. ಅದನ್ನು ಕಣ್ಣಾರೆ ಕಾಣುವ ಆಸೆಯಿದೆ. ಅಲಾಸ್ಕದಲ್ಲಿ ಯಾವ ತಿಂಗಳು, ಯಾವ ಜಾಗಕ್ಕೆ ಹೋದರೆ ಖಚಿತವಾಗಿ ನೋಡಬಹುದು? ಒಂಟಿಯಾಗಿ ಬದುಕುವ ಕರಡಿಗಳು ಹತ್ತಾರು ಒಂದೆಡೆ ಸೇರಿಯೂ ಕಾದಾಡದೆ ಇರುವುದು ಹೇಗೆ? ಹಿಡಿದ ಮೀನನ್ನು ಅರ್ಧ ತಿಂದು ಬಿಟ್ಟುಬಿಡುವುದೇಕೆ? ಇಷ್ಟು ಹತ್ತಿರದಿಂದ ನೋಡುವುದು ಅಪಾಯವಲ್ಲವೇ?

ಉತ್ತರ: ನೀವು ಹೇಳುವ ಚಿತ್ರಗಳಲ್ಲಿ ಹೆಚ್ಚಿನವು ಅಲಾಸ್ಕದ ಕಟ್ಮಾಯ್ ರಾಷ್ಟ್ರೀಯ ಉದ್ಯಾನದ ಬ್ರೂಕ್ಸ್ ಜಲಪಾತದಲ್ಲಿ ತೆಗೆದವು, ಅದೇ ದೃಶ್ಯ ಬೇಕೆಂದರೆ ಅಲ್ಲಿಗೇ, ಜುಲೈ ತಿಂಗಳಲ್ಲಿ, ಅದರಲ್ಲೂ ತಿಂಗಳ ನಡುವಿನ ದಿನಗಳಲ್ಲಿ ಹೋಗಬೇಕು. ‘ಖಚಿತವಾಗಿ’ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಕರಡಿಗಳನ್ನು ನೋಡಲು ಹೊರಡುವವರಲ್ಲಿ ಬಹುಪಾಲು ಜನ ಕರಡಿಯ ಬಗ್ಗೆ ಓದಿಕೊಂಡು ಬರುತ್ತಾರೆಯೇ ಹೊರತು ಮೀನಿನ ಬಗ್ಗೆ ವಿಚಾರಿಸುವುದಿಲ್ಲ. ಆದರೆ ಯಾವ ವಾರ ಯಾವ ತಿರುವಿನಲ್ಲಿ ಎಷ್ಟು ಕರಡಿಗಳಿರುತ್ತವೆ, ಅವು ಯಾವ ಬಗೆಯಲ್ಲಿ ಮೀನು ಹಿಡಿಯುತ್ತವೆ, ಹಿಡಿದದ್ದರಲ್ಲಿ ಎಷ್ಟನ್ನು ತಿನ್ನುತ್ತವೆ ಎಂಬುದನ್ನೆಲ್ಲ ನಿರ್ಧರಿಸುವುದು ಮೀನಿನ ಸ್ಥಿತಿಯೇ. ಆದ್ದರಿಂದ ನಿಮ್ಮ ಪ್ರಶ್ನೆಗಳಿಗೆ ಮೀನಿನಿಂದಲೇ ಉತ್ತರ ಆರಂಭಿಸುತ್ತೇನೆ.

ಬ್ರೂಕ್ಸ್ ನದಿಗೆ ಬರುವುದು ಮುಖ್ಯವಾಗಿ ಸಾಕೈ ಎಂಬ ಜಾತಿಯ ಸಾಲ್ಮನ್. ನದಿಯಲ್ಲೋ ಸರೋವರದ ಅಂಚಿನಲ್ಲೋ ಹುಟ್ಟುವ ಇದರ ಮರಿಗಳು ಒಂದೆರಡು ವರ್ಷ ಸರೋವರದಲ್ಲಿ ಬೆಳೆದು ಸಮುದ್ರಕ್ಕಿಳಿಯುತ್ತವೆ; ಅಲ್ಲಿ ಸಾಮಾನ್ಯವಾಗಿ ಎರಡು ಮೂರು ವರ್ಷ ಮೇದು ಕೊಬ್ಬಿದ ಮೇಲೆ, ಹುಟ್ಟಿದ ನೀರಿನ ವಾಸನೆಯನ್ನು ಹಿಡಿದು ಅದೇ ನದಿಗೆ ಮರಳುತ್ತವೆ. ಸಿಹಿನೀರಿಗೆ ಬಂದ ಮೇಲೆ ಇವು ಆಹಾರ ಸೇವಿಸುವುದಿಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ಕರಗಿಸುತ್ತ ಪ್ರವಾಹದ ವಿರುದ್ಧ ಈಜಿ, ಮೊಟ್ಟೆಯಿಟ್ಟು, ಕೆಲವೇ ದಿನಗಳಲ್ಲಿ ಸಾಯುತ್ತವೆ. ಸಮುದ್ರದಿಂದ ಬಂದಾಗ ಬೆಳ್ಳಿಯಂತೆ ಹೊಳೆಯುವ ದೇಹ ಮೊಟ್ಟೆಯಿಡುವ ಹೊತ್ತಿಗೆ ಕೆಂಪಾಗುತ್ತದೆ, ತಲೆ ಹಸಿರಾಗುತ್ತದೆ, ಗಂಡಿನ ಬೆನ್ನು ಗೂನಾಗಿ ದವಡೆ ಕೊಕ್ಕೆಯಂತೆ ಬಾಗುತ್ತದೆ. ಜುಲೈ ತಿಂಗಳ ಮೀನು ಬಲಶಾಲಿ, ಚುರುಕು, ಕೊಬ್ಬಿನಿಂದ ತುಂಬಿದ್ದು. ಸೆಪ್ಟೆಂಬರ್ ಹೊತ್ತಿಗೆ ಅದೇ ಮೀನು ಬಳಲಿ, ಹರಿವಿಗೆ ಮೈಯೊಡ್ಡಿ ತೇಲುವ ಸ್ಥಿತಿಗೆ ಬಂದಿರುತ್ತದೆ. ಕರಡಿಯ ಬೇಟೆಯ ಇಡೀ ಲೆಕ್ಕಾಚಾರ ಈ ವ್ಯತ್ಯಾಸದ ಮೇಲೆ ನಿಂತಿದೆ.

ಬ್ರೂಕ್ಸ್ ನದಿ ಎರಡೂವರೆ ಕಿಲೋಮೀಟರಿಗಿಂತ ಉದ್ದವಿಲ್ಲ. ಅದು ಬ್ರೂಕ್ಸ್ ಸರೋವರದಿಂದ ನಾಕ್‌ನೆಕ್ ಸರೋವರಕ್ಕೆ ಹರಿಯುತ್ತದೆ. ಇವೆರಡರ ನಡುವೆ ಆಳೆತ್ತರದ ಒಂದು ಕಲ್ಲಿನ ಮೆಟ್ಟಿಲು ಅಡ್ಡ ಬಂದಿದೆ, ಅದೇ ಜಲಪಾತ. ನದಿಯ ಉಳಿದ ಭಾಗದಲ್ಲಿ ಜುಲೈ ತಿಂಗಳ ಸಾಲ್ಮನ್ನನ್ನು ಬೆನ್ನಟ್ಟಿ ಹಿಡಿಯುವುದು ಕರಡಿಗೆ ಸುಲಭವಲ್ಲ. ಜಲಪಾತದ ಬುಡದಲ್ಲಾದರೋ ಮೀನು ತಡೆದು ನಿಲ್ಲುತ್ತದೆ, ಗುಂಪುಗೂಡುತ್ತದೆ, ಮತ್ತೆ ಮತ್ತೆ ನೆಗೆದು ಸೋತು ಬೀಳುತ್ತದೆ. ಅಲ್ಲಿ ಕರಡಿಗಳು ಕಿಕ್ಕಿರಿಯುವುದಕ್ಕೆ ಇದಕ್ಕಿಂತ ಬೇರೆ ಗುಟ್ಟಿಲ್ಲ. ಜುಲೈ ಕೊನೆಯ ಹೊತ್ತಿಗೆ ಬಹುಪಾಲು ಮೀನುಗಳು ಜಲಪಾತವನ್ನು ದಾಟಿಬಿಟ್ಟಿರುತ್ತವೆ; ಆಗಸ್ಟ್‌ನಲ್ಲಿ ಹೋದವರಿಗೆ ಒಮ್ಮೊಮ್ಮೆ ಬರಿಯ ನೀರಿನ ಸದ್ದಷ್ಟೇ ಸಿಗುತ್ತದೆ. ಸೆಪ್ಟೆಂಬರ್‌ನಲ್ಲಿ, ಮೊಟ್ಟೆಯಿಟ್ಟು ಬಳಲಿದ ಮೀನುಗಳು ಕೆಳಕ್ಕೆ ತೇಲಿ ಬರತೊಡಗಿದಾಗ, ಕರಡಿಗಳು ಮರಳುತ್ತವೆ. ಆದರೆ ಈ ಸಲ ಅವು ಹೆಚ್ಚಾಗಿ ಸೇರುವುದು ಜಲಪಾತದಲ್ಲಲ್ಲ, ನದಿಯ ಕೆಳಭಾಗದ ನಿಧಾನ ಹರಿವಿನಲ್ಲಿ. ನೆಗೆಯುವ ಮೀನಿನ ಚಿತ್ರ ಆಗ ಸಿಗುವುದಿಲ್ಲ. ಹೊಟ್ಟೆ ನೆಲಕ್ಕೆ ತಾಗುವಷ್ಟು ಕೊಬ್ಬಿದ ಕರಡಿಗಳು ಸಿಗುತ್ತವೆ. ನನ್ನನ್ನು ಕೇಳಿದರೆ, ಒಂದೇ ಸಲ ಹೋಗಲು ಸಾಧ್ಯವಿರುವವರು ಜುಲೈ ಆರಿಸಿಕೊಳ್ಳಲಿ. ಎರಡನೆಯ ಸಲ ಹೋಗುವವರು ಸೆಪ್ಟೆಂಬರ್‌ಗೆ ಹೋಗಲಿ.

ಆಗಸ್ಟ್‌ನಲ್ಲಿ ಕರಡಿಗಳು ಎಲ್ಲಿಗೆ ಹೋಗುತ್ತವೆ ಎಂಬುದು ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಸ್ವಾರಸ್ಯದ ಭಾಗ. ಒಂದು ಪ್ರದೇಶದ ಎಲ್ಲ ಹೊಳೆಗಳಲ್ಲೂ ಸಾಲ್ಮನ್ ಒಂದೇ ಸಮಯಕ್ಕೆ ಮೊಟ್ಟೆಯಿಡುವುದಿಲ್ಲ. ತಣ್ಣನೆಯ ನೀರಿನಲ್ಲಿ ಮೊಟ್ಟೆಗಳು ನಿಧಾನವಾಗಿ ಬೆಳೆಯುವುದರಿಂದ ಅಂಥ ತೊರೆಗಳ ಮೀನುಗಳು ಬೇಗ ಮೊಟ್ಟೆಯಿಡುತ್ತವೆ. ಸರೋವರದಿಂದ ಹೊರಬೀಳುವ ಬೆಚ್ಚಗಿನ ನದಿಗಳಲ್ಲಿ ಮತ್ತು ಸರೋವರದ ದಂಡೆಗಳಲ್ಲಿ ಈ ಕಾಲ ತಡವಾಗಿ ಬರುತ್ತದೆ. ಅಲಾಸ್ಕದ ಕೋಡಿಯಾಕ್ ದ್ವೀಪದಲ್ಲಿ ಕರಡಿಗಳ ಕೊರಳಿಗೆ ಜಿಪಿಎಸ್ ಪಟ್ಟಿ ತೊಡಿಸಿ ನಡೆಸಿದ ಅಧ್ಯಯನವೊಂದು, ಕರಡಿಗಳು ಈ ಸರದಿಯನ್ನು ಅರಿತಂತೆ ಒಂದು ತೊರೆಯಿಂದ ಮತ್ತೊಂದಕ್ಕೆ ಸಾಗುತ್ತವೆ ಎಂಬುದನ್ನೂ, ಹೆಚ್ಚು ತಾಣಗಳನ್ನು ಬಳಸುವ ಕರಡಿಗೆ ಸಾಲ್ಮನ್ ತಿನ್ನಲು ಹೆಚ್ಚು ದಿನ ಸಿಗುತ್ತದೆ ಎಂಬುದನ್ನೂ ತೋರಿಸಿತು. ಮೊಣಕಾಲಷ್ಟೂ ನೀರಿಲ್ಲದ ಸಣ್ಣ ತೊರೆಯಲ್ಲಿ ಮೊಟ್ಟೆಯಿಡುತ್ತಿರುವ ಮೀನು ಓಡಿಹೋಗಲು ಜಾಗವೇ ಇರುವುದಿಲ್ಲ. ಜಲಪಾತದ ಬಳಿ ಗಂಟೆಗಟ್ಟಲೆ ಕಾಯುವುದಕ್ಕಿಂತ ಅಲ್ಲಿಗೆ ಹೋಗುವುದೇ ಕರಡಿಗೆ ಲಾಭ.

ಅದೇ ಕೋಡಿಯಾಕ್‌ನಲ್ಲಿ 2014ರ ಬೇಸಿಗೆ ಇನ್ನೊಂದು ಸಂಗತಿಯನ್ನು ಹೊರಗೆಡಹಿತು. ಆ ವರ್ಷ ಸೆಖೆ ಹೆಚ್ಚಾಗಿ ಎಲ್ಡರ್‌ಬೆರಿ ಎಂಬ ಕೆಂಪು ಹಣ್ಣು ಬೇಗ ಮಾಗಿ, ಸಾಲ್ಮನ್ ತೊರೆಗಳಿಗೆ ಬರುವ ಕಾಲವೂ ಹಣ್ಣಿನ ಕಾಲವೂ ಒಂದರ ಮೇಲೊಂದು ಬಿದ್ದವು. ತೊರೆಗಳು ಮೀನಿನಿಂದ ತುಂಬಿದ್ದರೂ ಕರಡಿಗಳು ಅವನ್ನು ಬಿಟ್ಟು ಗುಡ್ಡದ ಪೊದೆಗಳಿಗೆ ಹೋಗಿ ಹಣ್ಣು ತಿಂದವು. ಬರಿಯ ಸಾಲ್ಮನ್‌ನಲ್ಲಿ ಪ್ರೋಟೀನ್ ಅತಿಯಾಗಿರುತ್ತದೆ. ಪ್ರೋಟೀನ್ ಮಿತವಾಗಿದ್ದು ಸಕ್ಕರೆ ಅಥವಾ ಕೊಬ್ಬು ಹೆಚ್ಚಿರುವ ಆಹಾರದಲ್ಲಿ ಕರಡಿಯ ತೂಕ ಬೇಗ ಏರುತ್ತದೆ ಎಂಬುದು ಇದಕ್ಕೆ ದೊರೆತ ವಿವರಣೆ. ಮೀನಿದ್ದಲ್ಲಿ ಕರಡಿ ಇದ್ದೇ ಇರುತ್ತದೆ ಎಂಬ ಭರವಸೆಯನ್ನು ಪ್ರವಾಸಿಗರಿಗೆ ಕೊಡಲು ನಾನು ಹಿಂಜರಿಯುವುದು ಇದರಿಂದಲೇ.

ಇನ್ನು ಮೀನು ಹಿಡಿಯುವ ಬಗೆಗಳು. ಜಲಪಾತದ ಅಂಚಿನಲ್ಲಿ ನಿಂತು, ಹಾರುವ ಮೀನಿಗೆ ಬಾಯಿ ಕೊಡುವುದು ಹಲವು ಬಗೆಗಳಲ್ಲಿ ಒಂದಷ್ಟೇ; ಅದನ್ನು ಎಲ್ಲ ಕರಡಿಗಳೂ ಮಾಡುವುದಿಲ್ಲ. ಅದಕ್ಕೆ ಜಾರುವ ಕಲ್ಲಿನ ಮೇಲೆ ಕದಲದೆ ನಿಲ್ಲುವ ತಾಳ್ಮೆ ಬೇಕು. ಮೀನುಗಳು ಹೆಚ್ಚಾಗಿ ನೆಗೆಯುವ ಜಾಗ ಯಾವುದೆಂಬ ಅನುಭವವೂ ಬೇಕು. ಜಲಪಾತದ ಕೆಳಗೆ ನೊರೆಯೇಳುವ ಮಡುವಿನಲ್ಲಿ ಎದೆಮಟ್ಟದ ನೀರಿನಲ್ಲಿ ಕುಳಿತು, ಕಾಲಿಗೂ ಹೊಟ್ಟೆಗೂ ತಾಗುವ ಮೀನನ್ನು ಪಂಜದಿಂದ ನದಿಯ ತಳಕ್ಕೆ ಒತ್ತಿ ಹಿಡಿಯುವುದು ಇನ್ನೊಂದು ಬಗೆ. ಅಲ್ಲಿ ಮೀನು ಹೇರಳ. ಹಾಗಾಗಿ ಆ ಜಾಗ ಸಾಮಾನ್ಯವಾಗಿ ಅತಿ ದೊಡ್ಡ ಗಂಡುಗಳ ಪಾಲು. ಅನುಭವವಿಲ್ಲದ ಎಳೆಯ ಕರಡಿಗಳು ನೀರು ಚಿಮ್ಮಿಸುತ್ತ ಓಡಾಡಿ ದಣಿಯುತ್ತವೆ, ಫಲ ಸಿಗುವುದು ಅಪರೂಪ. ಕೆಲವು ಮುಖವನ್ನು ನೀರಿನಲ್ಲಿ ಮುಳುಗಿಸಿ ಕಣ್ಣು ತೆರೆದು ತಳವನ್ನು ನೋಡುತ್ತ ಈಜುತ್ತವೆ. ಕೆಲವು ಪೂರ್ತಿ ಮುಳುಗಿ ಸತ್ತ ಮೀನನ್ನು ಹೆಕ್ಕಿ ತರುತ್ತವೆ. ಸ್ವತಃ ಹಿಡಿಯುವ ಗೋಜಿಗೇ ಹೋಗದೆ ಬೇರೆಯವರ ಮೀನನ್ನು ಕಸಿಯುವವೂ ಇವೆ. ಗಾತ್ರದ ಬಲವಿದ್ದರೆ ಅದೇ ಲಾಭದ ಕೆಲಸ. ಕರಡಿ ರಾತ್ರಿಯಲ್ಲೂ ಮೀನು ಹಿಡಿಯುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ತೀರದ ತೊರೆಗಳಲ್ಲಿ ನಡೆದ ಅಧ್ಯಯನಗಳ ಪ್ರಕಾರ ಕತ್ತಲೆಯಲ್ಲಿ ಅದರ ಪ್ರಯತ್ನಗಳು ಸಫಲವಾಗುವ ಪ್ರಮಾಣ ಹಗಲಿಗಿಂತಲೂ ಹೆಚ್ಚು.

ಒಂದೊಂದು ಕರಡಿಗೂ ತನ್ನದೇ ಬಗೆ, ತನ್ನದೇ ಜಾಗ ಇರುತ್ತದೆ. ಕಟ್ಮಾಯ್‌ನ ರೇಂಜರ್‌ಗಳು ಕರಡಿಗಳಿಗೆ ಸಂಖ್ಯೆ ಕೊಟ್ಟು ವರ್ಷದಿಂದ ವರ್ಷಕ್ಕೆ ಗುರುತು ಹಿಡಿಯಲು ಇದೂ ನೆರವಾಗುತ್ತದೆ. 480 ಎಂಬ ಸಂಖ್ಯೆಯ, ಓಟಿಸ್ ಎಂದು ಹೆಸರಾದ ಮುದಿ ಗಂಡು ಕರಡಿ ಜಲಪಾತದ ದೂರದ ಬದಿಯ ಒಂದು ಮಡುವಿನಲ್ಲಿ ಗಂಟೆಗಟ್ಟಲೆ ಕುಳಿತು, ಅತಿ ಕಡಿಮೆ ಚಲನೆಯಲ್ಲಿ ಮೀನು ಹಿಡಿಯುತ್ತಿತ್ತು. ಹಲ್ಲು ಸವೆದಿದ್ದರೂ, ಎಳೆಯ ಗಂಡುಗಳ ಎದುರು ಸ್ಥಾನ ಬಿಟ್ಟುಕೊಡಬೇಕಾಗಿ ಬಂದರೂ, ಚಳಿಗಾಲದ ನಿದ್ರೆಗೆ ಮುನ್ನ ಅತಿ ಹೆಚ್ಚು ಕೊಬ್ಬಿದ ಕರಡಿಯನ್ನು ಜನರ ಮತದಿಂದ ಆರಿಸುವ ಉದ್ಯಾನದ ವಾರ್ಷಿಕ ಸ್ಪರ್ಧೆಯಲ್ಲಿ ಅದು 2014, 2016, 2017 ಮತ್ತು 2021ರಲ್ಲಿ ಗೆದ್ದಿತು. ಹೋದಾಗ ಕ್ಯಾಮರಾವನ್ನು ಎಲ್ಲ ಕಡೆ ತಿರುಗಿಸುವ ಬದಲು ಒಂದು ಕರಡಿಯನ್ನು ಆರಿಸಿಕೊಂಡು ಅದನ್ನೇ ಸ್ವಲ್ಪ ಹೊತ್ತು ಹಿಂಬಾಲಿಸಿ ನೋಡಿ. ಎಷ್ಟು ಸಲ ಸೋಲುತ್ತದೆ, ಯಾರು ಬಂದಾಗ ಸರಿಯುತ್ತದೆ, ಯಾರನ್ನು ಲೆಕ್ಕಿಸುವುದಿಲ್ಲ ಎಂಬುದೆಲ್ಲ ಆಗ ಕಾಣತೊಡಗುತ್ತದೆ.

ಕಾದಾಟದ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. ಮೀನು ಸಾಕಷ್ಟಿದ್ದಾಗ ಪಕ್ಕದ ಕರಡಿಯೊಡನೆ ಹೊಡೆದಾಡಿ ಗಾಯ ಮಾಡಿಕೊಳ್ಳುವುದು ನಷ್ಟದ ಬಾಬತ್ತು. ಅದಕ್ಕಾಗಿ ಕರಡಿಗಳು ಒಂದು ಮೇಲು ಕೀಳಿನ ವ್ಯವಸ್ಥೆಯನ್ನು ಪಾಲಿಸುತ್ತವೆ. ದೊಡ್ಡ ಗಂಡುಗಳು ಮೇಲೆ. ಮರಿಗಳಿರುವ ತಾಯಂದಿರು ತಮ್ಮ ಉಗ್ರತೆಯಿಂದ ಗಳಿಸಿದ ಸ್ಥಾನದಲ್ಲಿ. ಆಗಷ್ಟೇ ತಾಯಿಯಿಂದ ಬೇರ್ಪಟ್ಟ ಹದಿಹರೆಯದವು ಕೆಳಗೆ. ದೊಡ್ಡ ಗಂಡು ನದಿಗೆ ಇಳಿದರೆ ಉಳಿದವು ಜಾಗ ಬಿಟ್ಟು ಸರಿಯುತ್ತವೆ. ಹಲವು ಸಲ ಒಂದು ಗುರುಗುಟ್ಟುವಿಕೆಯೂ ಬೇಕಾಗುವುದಿಲ್ಲ. ಜಗಳವೇ ಇಲ್ಲವೆಂದಲ್ಲ. ಗಂಡು ಕರಡಿಗಳು ಮರಿಗಳನ್ನು ಕೊಲ್ಲುವುದುಂಟು, ಇದಕ್ಕೆ ನೀವು ಮನಸ್ಸನ್ನು ಸಿದ್ಧಮಾಡಿಕೊಂಡು ಹೋಗಬೇಕು. 2024ರ ಜುಲೈನಲ್ಲಿ 128ನೆಯ ಸಂಖ್ಯೆಯ ಹೆಣ್ಣು ಕರಡಿಯ ಮರಿ ಜಲಪಾತದಿಂದ ಕೆಳಕ್ಕೆ ಕೊಚ್ಚಿಕೊಂಡು ಹೋದಾಗ, ಅಲ್ಲಿದ್ದ 32ನೆಯ ಸಂಖ್ಯೆಯ ಭಾರಿ ಗಂಡು ಅದರ ಮೇಲೆ ಬಿತ್ತು. ತಾಯಿ ಎರಗಿ ಹೋರಾಡಿದರೂ ಮರಿ ಉಳಿಯಲಿಲ್ಲ. ನೇರ ಪ್ರಸಾರದ ಕ್ಯಾಮರಾ ಇದನ್ನು ಸೆರೆಹಿಡಿಯಿತು. ತಾಯಂದಿರು ಮೀನು ಹೇರಳವಿರುವ ಜಲಪಾತವನ್ನು ಬಿಟ್ಟು ನದಿಯ ಕೆಳಭಾಗದಲ್ಲಿ ಕಡಿಮೆ ಮೀನಿಗೆ ತೃಪ್ತರಾಗುವುದು ಏಕೆಂದು ಇದರಿಂದ ತಿಳಿಯುತ್ತದೆ.

ಅರ್ಧ ತಿಂದು ಬಿಡುವುದನ್ನು ನೋಡಿದವರು ಅದನ್ನು ದುಂದು ಎನ್ನುತ್ತಾರೆ. ಅದು ದುಂದಲ್ಲ, ಲೆಕ್ಕ. ಚಳಿಗಾಲದ ನಿದ್ರೆಯಲ್ಲಿ ಕರಡಿ ತನ್ನ ತೂಕದ ಮೂರರಲ್ಲೊಂದು ಪಾಲನ್ನು ಕಳೆದುಕೊಳ್ಳಬಹುದು. ಬೇಸಿಗೆಯ ಕೆಲವೇ ತಿಂಗಳಲ್ಲಿ ಅದನ್ನು ಕೊಬ್ಬಿನ ರೂಪದಲ್ಲಿ ತುಂಬಿಕೊಳ್ಳಬೇಕು. ಬೇಸಿಗೆಯ ನಡುವೆ 270ರಿಂದ 410 ಕಿಲೋ ತೂಗುವ ಗಂಡು ಕರಡಿ, ಶರತ್ಕಾಲದ ಹೊತ್ತಿಗೆ 450 ಕಿಲೋ ದಾಟಬಲ್ಲದು. ಹೆಣ್ಣಿಗೆ ಈ ಕೊಬ್ಬಿನ ಅಗತ್ಯ ಇನ್ನೂ ಹೆಚ್ಚು: ಬೇಸಿಗೆಯ ಮೊದಲಲ್ಲಿ ಕೂಡಿದರೂ ಭ್ರೂಣ ಗರ್ಭದಲ್ಲಿ ನೆಲೆಗೊಳ್ಳುವುದು ಶರತ್ಕಾಲದ ಕೊನೆಯಲ್ಲಿ, ಅದೂ ತಾಯಿಯ ಮೈಯಲ್ಲಿ ಸಾಕಷ್ಟು ಕೊಬ್ಬು ಕೂಡಿದ್ದರೆ. ಒಂದು ಸಾಕೈ ಸಾಲ್ಮನ್‌ನಲ್ಲಿ ಸುಮಾರು 4500 ಕ್ಯಾಲೊರಿಗಳಿರುತ್ತವೆ, ಆದರೆ ಅದು ದೇಹದಲ್ಲಿ ಸಮನಾಗಿ ಹಂಚಿಹೋಗಿರುವುದಿಲ್ಲ. ಚರ್ಮ, ಮಿದುಳು, ಮೊಟ್ಟೆಗಳಲ್ಲಿ ಕೊಬ್ಬು ಹೆಚ್ಚು. ಮೀನು ವಿರಳವಾಗಿದ್ದಾಗ ಕರಡಿ ಮುಳ್ಳನ್ನೂ ಬಿಡದೆ ಅಗಿಯುತ್ತದೆ; ಹೇರಳವಾದಾಗ ಚರ್ಮ ಸುಲಿದು, ತಲೆಯನ್ನು ಕಚ್ಚಿ, ಮೊಟ್ಟೆ ಹೀರಿ, ಉಳಿದದ್ದನ್ನು ಬಿಟ್ಟು ಮುಂದಿನ ಮೀನಿಗೆ ಹೋಗುತ್ತದೆ. ಜೀರ್ಣವಾಗಲು ಹೊತ್ತು ಬೇಕು, ಹೊಟ್ಟೆಗೂ ಮಿತಿಯಿದೆ. ಆ ಮಿತಿಯೊಳಗೆ ಅತಿ ಹೆಚ್ಚು ಶಕ್ತಿಯನ್ನು ತುಂಬಿಕೊಳ್ಳುವುದು ಅದರ ಉದ್ದೇಶ.

ಬಿಟ್ಟದ್ದು ಹಾಳಾಗುವುದೂ ಇಲ್ಲ. ಜಲಪಾತದ ಕೆಳಗೆ ಗಲ್ ಹಕ್ಕಿಗಳು ತುಂಡುಗಳಿಗಾಗಿ ಕಾದಿರುತ್ತವೆ. ಸಣ್ಣ ತೊರೆಗಳಲ್ಲಿ ಕರಡಿಗಳು ಇತರರ ಕಾಟ ತಪ್ಪಿಸಿಕೊಳ್ಳಲು ಮೀನನ್ನು ದಡದ ಕಾಡಿನೊಳಕ್ಕೆ ಒಯ್ದು ತಿನ್ನುತ್ತವೆ. ಹಾಗೆ ಸಮುದ್ರದ ಸಾರಜನಕ ಮರಗಳ ಬೇರಿಗೆ ಸೇರುತ್ತದೆ. ಸಮುದ್ರಮೂಲದ ಸಾರಜನಕದಲ್ಲಿ ಭಾರವಾದ ಐಸೊಟೋಪಿನ ಪ್ರಮಾಣ ಹೆಚ್ಚಿರುವುದರಿಂದ ಎಲೆಗಳಲ್ಲೂ ಅದರ ಜಾಡನ್ನು ಹಿಡಿಯಬಹುದು. ಅಲಾಸ್ಕದ ಹ್ಯಾನ್ಸನ್ ತೊರೆಯಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 20 ವರ್ಷಗಳ ಕಾಲ ಮೀನುಗಳನ್ನು ಎಣಿಸುತ್ತ, ಸತ್ತ ಮೀನುಗಳನ್ನೆಲ್ಲ ಒಂದೇ ದಡಕ್ಕೆ ಎಸೆಯುತ್ತ ಬಂದರು. ಕೊನೆಗೆ ಆ ದಡದ ಬಿಳಿ ಸ್ಪ್ರೂಸ್ ಮರಗಳು ಎದುರು ದಡದವುಗಳಿಗಿಂತ ವೇಗವಾಗಿ ಬೆಳೆದದ್ದು ಕಂಡುಬಂತು.

ಜಾಗಗಳ ವಿಚಾರಕ್ಕೆ ಬರೋಣ. ಬ್ರೂಕ್ಸ್‌ಗೆ ರಸ್ತೆಯಿಲ್ಲ. ಆಂಕರೇಜ್‌ನಿಂದ ಕಿಂಗ್ ಸಾಲ್ಮನ್ ಎಂಬ ಊರಿಗೆ ವಿಮಾನ, ಅಲ್ಲಿಂದ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ ಅಥವಾ ದೋಣಿ. ಬಂದವರೆಲ್ಲ ಮೊದಲು ಕರಡಿಗಳ ನಡುವೆ ಹೇಗೆ ನಡೆದುಕೊಳ್ಳಬೇಕೆಂಬ ಪಾಠವನ್ನು ಕೇಳಲೇಬೇಕು. ಜಲಪಾತದ ಎದುರಿನ ಅಟ್ಟಣೆಯಲ್ಲಿ ಒಮ್ಮೆಗೆ 40 ಜನರಿಗಷ್ಟೇ ಅವಕಾಶ. ಜುಲೈ ಜನಜಂಗುಳಿಯಲ್ಲಿ ಹೆಸರು ಬರೆಸಿ ಕಾದು, ಒಂದು ಗಂಟೆಯ ನಂತರ ಇತರರಿಗೆ ಜಾಗ ಬಿಡಬೇಕಾಗುತ್ತದೆ. ಹಗಲಿಗಷ್ಟೇ ಬಂದು ಮರಳುವ ಪ್ರವಾಸಿಗರು ಹೆಚ್ಚಾಗಿರುವುದರಿಂದ, ವಸತಿಗೃಹದಲ್ಲೋ ವಿದ್ಯುತ್ ಬೇಲಿಯ ಶಿಬಿರದಲ್ಲೋ ಉಳಿಯಲು ಸಾಧ್ಯವಾದರೆ ಅವರು ಹೋದ ನಂತರದ ಇಳಿಹೊತ್ತು ನಿಮ್ಮದಾಗುತ್ತದೆ. ಒಂದೇ ಹಗಲಿಗಾಗಿ ಅಷ್ಟು ದೂರ ಹೋಗಿ ಬರುವುದನ್ನು ನಾನು ಸಲಹೆ ಮಾಡುವುದಿಲ್ಲ, ಮೋಡ ಕವಿದರೆ ಆ ಸಣ್ಣ ವಿಮಾನಗಳು ಹಾರುವುದೇ ಇಲ್ಲ.

ಜನಸಂದಣಿ ಬೇಡವೆನ್ನುವವರಿಗೆ ಮೆಕ್‌ನೀಲ್ ನದಿಯ ವನ್ಯಧಾಮ ಇನ್ನೂ ಮೇಲು. 1967ರಲ್ಲಿ ಸ್ಥಾಪನೆಯಾದ ಈ ಧಾಮಕ್ಕೆ 1973ರಿಂದ ಲಾಟರಿಯ ಮೂಲಕ ಪರವಾನಗಿ ಕೊಡಲಾಗುತ್ತಿದೆ. ದಿನಕ್ಕೆ 10 ಜನ ಮಾತ್ರ, ಅಲಾಸ್ಕ ಮೀನು ಮತ್ತು ಬೇಟೆ ಇಲಾಖೆಯ ಸಿಬ್ಬಂದಿಯ ಜೊತೆಯಲ್ಲೇ ಹೋಗಬೇಕು. ಇಲ್ಲಿ ಜೂನ್‌ನಲ್ಲಿ ಪಕ್ಕದ ಮಿಕ್‌ಫಿಕ್ ತೊರೆಗೆ ಸಾಕೈ, ಜುಲೈ ಮತ್ತು ಆಗಸ್ಟ್‌ನಲ್ಲಿ ಮುಖ್ಯ ನದಿಗೆ ಚಮ್ ಜಾತಿಯ ಸಾಲ್ಮನ್ ಬರುತ್ತದೆ. ಒಂದೇ ಹೊತ್ತಿಗೆ 70ಕ್ಕೂ ಹೆಚ್ಚು ಕರಡಿಗಳನ್ನು ಎಣಿಸಿದ ದಾಖಲೆ ಇದೆ. ಅರ್ಜಿಯ ಕೊನೆಯ ದಿನ ಮಾರ್ಚ್ ಮೊದಲಲ್ಲೇ ಬರುವುದರಿಂದ ಬೇಸಿಗೆಯಲ್ಲಿ ನೆನಪಿಸಿಕೊಂಡರೆ ಪ್ರಯೋಜನವಿಲ್ಲ. ಆಗ್ನೇಯ ಅಲಾಸ್ಕದ ಅಡ್ಮಿರಾಲ್ಟಿ ದ್ವೀಪದ ಪ್ಯಾಕ್ ಕ್ರೀಕ್‌ನಲ್ಲಿ ಋತುವಿನ ಮುಖ್ಯ ದಿನಗಳಲ್ಲಿ ದಿನಕ್ಕೆ 24 ಜನರಿಗೆ ಪರವಾನಗಿ. ಅಲ್ಲಿ ಜಲಪಾತವಿಲ್ಲ, ಕರಡಿಗಳ ಸಂಖ್ಯೆಯೂ ಕಡಿಮೆ, ಆದರೆ ಕಾಡು ಮತ್ತು ಸಮುದ್ರ ಕೂಡುವ ಆ ಜಾಗದ ಸೊಬಗೇ ಬೇರೆ.

ಅಪಾಯದ ವಿಷಯದಲ್ಲಿ ಎರಡು ಅತಿರೇಕಗಳನ್ನು ಬಿಡಬೇಕು: ಕರಡಿ ಕಂಡರೆ ಕೊಲ್ಲುತ್ತದೆ ಎಂಬುದು ಒಂದು, ಮೀನು ತಿಂದು ತೃಪ್ತವಾದ ಕರಡಿ ಏನೂ ಮಾಡದು ಎಂಬುದು ಇನ್ನೊಂದು. ಮೆಕ್‌ನೀಲ್‌ನಲ್ಲಿ ಪರವಾನಗಿ ಪದ್ಧತಿ ಜಾರಿಯಾದ ಮೇಲೆ ಒಬ್ಬ ಸಂದರ್ಶಕರಿಗೂ ಕರಡಿಯಿಂದ ಗಾಯವಾಗಿಲ್ಲ. ಜನ ಪ್ರತಿದಿನ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ, ಅದೇ ರೀತಿ ನಡೆದುಕೊಂಡು, ಎಂದೂ ಆಹಾರದ ಮೂಲವಾಗದೆ ಇದ್ದುದರಿಂದ ಅಲ್ಲಿನ ಕರಡಿಗಳು ಮನುಷ್ಯರನ್ನು ಗಮನಿಸುವುದನ್ನೇ ಬಿಟ್ಟಿವೆ. ಇದಕ್ಕೆ ವ್ಯತಿರಿಕ್ತವಾಗಿ, ಹೆಸರಾಂತ ಛಾಯಾಗ್ರಾಹಕ ಮಿಚಿಯೊ ಹೊಶಿನೊ 1996ರಲ್ಲಿ ರಷ್ಯಾದ ಕಮ್ಚಾಟ್ಕದ ಕುರಿಲ್ ಸರೋವರದ ದಂಡೆಯಲ್ಲಿ ಡೇರೆಯಲ್ಲಿ ಮಲಗಿದ್ದಾಗ ಕಂದು ಕರಡಿಗೆ ಬಲಿಯಾದರು; ಆ ಕರಡಿ ಮನುಷ್ಯರ ಆಹಾರದ ರುಚಿ ಕಂಡಿತ್ತೆಂದು ವರದಿಯಾಗಿದೆ. ಮನುಷ್ಯರಿಗೆ ಒಗ್ಗಿದ ಕರಡಿ ಬೇರೆ, ಮನುಷ್ಯರ ಆಹಾರಕ್ಕೆ ಒಗ್ಗಿದ ಕರಡಿ ಬೇರೆ. ಬ್ರೂಕ್ಸ್‌ನಲ್ಲಿ ಅಟ್ಟಣೆಗೆ ನೀರಿನ ಹೊರತು ಏನನ್ನೂ ಒಯ್ಯಲು ಬಿಡದಿರುವುದು, ಗಾಳ ಹಾಕುವವರು ಕರಡಿ ಸಮೀಪಿಸಿದರೆ ಮೀನು ಹಿಡಿಯುವುದನ್ನು ನಿಲ್ಲಿಸಬೇಕಾಗಿರುವುದು ಇದೇ ಕಾರಣಕ್ಕೆ.

ಕಟ್ಮಾಯ್ ನಿಯಮದಂತೆ ಕರಡಿಯಿಂದ 50 ಗಜ, ಎಂದರೆ ಸುಮಾರು 45 ಮೀಟರ್ ದೂರವಿರಬೇಕು. ಕಾಲುದಾರಿಯಲ್ಲಿ ನಡೆಯುವಾಗ ಮಾತನಾಡುತ್ತ, ಚಪ್ಪಾಳೆ ತಟ್ಟುತ್ತ ಸಾಗಿ. ತಿರುವಿನಲ್ಲಿ ಹಠಾತ್ತನೆ ಎದುರಾಗುವುದೇ ದೊಡ್ಡ ಅಪಾಯ. ಕರಡಿ ಎದುರಿಗೆ ಬಂದರೆ ಓಡಬೇಡಿ. ನಿಧಾನವಾಗಿ ಹಿಂದಕ್ಕೆ ಸರಿದು ದಾರಿ ಬಿಡಿ. ಬುಸುಗುಟ್ಟುವುದು, ದವಡೆ ಕಟಕಟಿಸುವುದು, ಜೊಲ್ಲು ಸುರಿಸುವುದು ಅದರ ಮನಸ್ಸು ಕದಡಿದ ಸೂಚನೆಗಳು. ಪದೇ ಪದೇ ಆಕಳಿಸುವುದೂ ಹಾಗೆಯೇ, ಅದನ್ನು ನಿದ್ದೆಯೆಂದು ಭಾವಿಸಿ ಹತ್ತಿರ ಹೋದವರನ್ನು ಬಲ್ಲೆ. ಖಾರದ ಸ್ಪ್ರೇ ಒಯ್ಯುವುದಾದರೆ ಅದನ್ನು ದೊಡ್ಡ ವಿಮಾನದಲ್ಲಿ ತರಲು ಅನುಮತಿಯಿಲ್ಲ; ಅಲಾಸ್ಕದಲ್ಲೇ ಕೊಂಡು, ಪುಟ್ಟ ವಿಮಾನ ಹತ್ತುವ ಮುನ್ನ ಚಾಲಕರಿಗೆ ತಿಳಿಸಿ. ಅದನ್ನು ಮೈಗೋ ಡೇರೆಗೋ ಹಚ್ಚುವುದಲ್ಲ, ಎರಗಿ ಬರುವ ಕರಡಿಯ ಮುಖಕ್ಕೆ ಸಿಂಪಡಿಸುವುದು.

ದಿನಾಂಕ ಗೊತ್ತುಮಾಡುವ ಮುನ್ನ ಹಿಂದಿನ ಕೆಲವು ವರ್ಷಗಳ ನಾಕ್‌ನೆಕ್ ನದಿಯ ಮೀನಿನ ಎಣಿಕೆಯನ್ನು ನೋಡಿ. ಅಲಾಸ್ಕ ಮೀನು ಮತ್ತು ಬೇಟೆ ಇಲಾಖೆ ಅಲ್ಲಿನ ವೀಕ್ಷಣಾ ಗೋಪುರಗಳಿಂದ ಮೇಲಕ್ಕೆ ಸಾಗುವ ಸಾಕೈ ಸಾಲ್ಮನ್ನನ್ನು ದಿನವೂ ಎಣಿಸಿ ಪ್ರಕಟಿಸುತ್ತದೆ, ಮತ್ತು ಬ್ರೂಕ್ಸ್‌ಗೆ ಹೋಗುವ ಮೀನು ಆ ದಾರಿಯಲ್ಲೇ ಬರಬೇಕು. ಜಲಪಾತದ ನೇರ ಪ್ರಸಾರದ ಕ್ಯಾಮರಾಗಳು 2012ರಿಂದ ನಡೆಯುತ್ತಿವೆ. ಹೋಗುವ ಹಿಂದಿನ ಬೇಸಿಗೆಯಲ್ಲಿ ಅವನ್ನು ನೋಡಿ ಕೆಲವು ಕರಡಿಗಳನ್ನು ಗುರುತಿಸಲು ಕಲಿತಿದ್ದರೆ, ಅಟ್ಟಣೆಯ ಮೇಲೆ ಸಿಗುವ ಆ ಒಂದು ಗಂಟೆಯನ್ನು ಯಾವ ಕರಡಿಯ ಮೇಲೆ ಖರ್ಚು ಮಾಡಬೇಕೆಂಬುದು ನಿಮಗೆ ಮೊದಲೇ ತಿಳಿದಿರುತ್ತದೆ.